ಖಾನಾವಳಿ ಆರ್ಡರ್, ಎಪಿಎಂಸಿ ಕಾಟಾ, ಬಿಲ್ ಪ್ರಿಂಟರ್: ಫ್ಲಟರ್‌ನ ಸಾಕೆಟ್‌ಗಳು ಎಷ್ಟರ ಮಟ್ಟಿಗೆ ತಾಳುತ್ತವೆ?

ಹುಬ್ಬಳ್ಳಿ-ಧಾರವಾಡದ ಕಡೆ ಅಂಗಡಿ, ಹೋಟೆಲುಗಳಿಗೆ ಆ್ಯಪ್ ಮಾಡಿಕೊಡುವವರನ್ನು ಗಿರಾಕಿಗಳು ಕೇಳುವುದು ಹೆಚ್ಚುಕಡಿಮೆ ಒಂದೇ. ಖಾನಾವಳಿಯಾದರೆ ಸಪ್ಲಾಯರ್ ಫೋನಿನಲ್ಲಿ ಒತ್ತಿದ ಆರ್ಡರ್ ಅಡುಗೆಮನೆಯ ಟ್ಯಾಬ್‌ನಲ್ಲಿ ಕಾಣಬೇಕು, ಪ್ರಿಂಟರ್‌ನಿಂದ ಚೀಟಿ ಬರಬೇಕು. ಅಮರಗೋಳದ ಎಪಿಎಂಸಿಯಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ಇರುವ ದಲಾಲಿ ಅಂಗಡಿಯಾದರೆ ಕಾಟಾದ ಮೇಲೆ ಚೀಲ ಇಟ್ಟ ಕೂಡಲೇ ತೂಕ ನೇರವಾಗಿ ಪಟ್ಟಿಗೆ ಬೀಳಬೇಕು. ಇಂಟರ್ನೆಟ್ ಇರಲಿ ಬಿಡಲಿ, ಕೆಲಸ ನಿಲ್ಲಬಾರದು.

ಆ್ಯಪ್ ಕಟ್ಟಲು ಫ್ಲಟರ್ ಆರಿಸಿಕೊಂಡವರಿಗೆ ಇದಕ್ಕೆ ಬೇಕಾದ ಸಲಕರಣೆ ಅದರ ಭಾಷೆಯಾದ ಡಾರ್ಟ್ ಜೊತೆಗೇ ಬರುತ್ತದೆ: ಡಾರ್ಟ್‌ನ ಐಒ ಲೈಬ್ರರಿಯಲ್ಲಿರುವ ಸಾಕೆಟ್‌ಗಳು, ಅಂದರೆ ಎರಡು ಸಾಧನಗಳು ಜಾಲದ ಮೂಲಕ ನೇರ ಮಾತಾಡುವ ಕೊಂಡಿಗಳು. ಹೊರಗಿನ ಪ್ಯಾಕೇಜ್ ಬೇಡ, ದುಡ್ಡು ಕೊಡುವುದಿಲ್ಲ. ಒಂದೇ ಕೋಡ್ ಆಂಡ್ರಾಯ್ಡ್, ಐಒಎಸ್, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಓಡುವುದಿಲ್ಲ, ಹಾಗಾಗಿ ಫ್ಲಟರ್ ವೆಬ್ ಮೇಲೆ ಕಣ್ಣಿಟ್ಟವರು ಇಲ್ಲಿಗೇ ಬೇರೆ ದಾರಿ ನೋಡಿಕೊಳ್ಳಬಹುದು. ಉಳಿದವರಿಗೆ ತೀರ್ಪು ಇದು. ಎದುರಿಗೆ ಪ್ರಿಂಟರ್, ಕಾಟಾದಂಥ ಯಂತ್ರ ಇದ್ದರೆ ಬರಿಯ ಟಿಸಿಪಿ ಸಾಕೆಟ್ (ಬೈಟ್‌ಗಳನ್ನು ಹಾಗೆಯೇ ಸಾಗಿಸುವಂಥದ್ದು) ಸಾಕು, ಚೆನ್ನಾಗಿಯೂ ಇದೆ. ಎರಡೂ ತುದಿಯಲ್ಲಿ ನಿಮ್ಮದೇ ಆ್ಯಪ್ ಇದ್ದರೆ ಅದೇ ಲೈಬ್ರರಿಯ ವೆಬ್‌ಸಾಕೆಟ್ (ಟಿಸಿಪಿಯ ಮೇಲೆ ಸಂದೇಶಗಳನ್ನು ಬಿಡಿಬಿಡಿಯಾಗಿ ತಲುಪಿಸುವ ಪದರ) ತೆಗೆದುಕೊಳ್ಳಿ. ಈ ವ್ಯತ್ಯಾಸ ಗೊತ್ತಿಲ್ಲದೆ ಶುರು ಮಾಡಿದ ಪ್ರಾಜೆಕ್ಟ್‌ಗಳೇ ಮುಂದೆ ಹೆಚ್ಚು ಗೋಳು ಹೊಯ್ದುಕೊಳ್ಳುವುದು.

ಬರಿಯ ಟಿಸಿಪಿಯಲ್ಲಿ ಏನು ಸಿಗುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ಅದು ಬೈಟ್‌ಗಳನ್ನು ಕಳಿಸಿದ ಸಾಲಿನಲ್ಲೇ ತಲುಪಿಸುತ್ತದೆ, ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳುವುದಿಲ್ಲ. ಬೆನ್ನುಬೆನ್ನಿಗೆ ಕಳಿಸಿದ ಮೂರು ಆರ್ಡರ್ ಆ ಕಡೆ ಒಂದೇ ತುಂಡಾಗಿ ಬರಬಹುದು, ಉದ್ದನೆಯ ಒಂದು ಆರ್ಡರ್ ಎರಡು ತುಂಡಾಗಿಯೂ ಬರಬಹುದು. ಮೇಜಿನ ಮೇಲೆ ಎರಡು ಐಟಂನ ಆರ್ಡರ್ ಹಾಕಿ ನೋಡಿದಾಗ ಇದು ಕಾಣುವುದೇ ಇಲ್ಲ. ಊಟದ ಹೊತ್ತಿಗೆ ನಾಲ್ಕು ಫೋನುಗಳಿಂದ ಆರ್ಡರ್ ಬೀಳತೊಡಗಿದಾಗ ಕಾಣುತ್ತದೆ. ಪರಿಹಾರ ಹಳೆಯದೇ: ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು 4 ಬೈಟ್‌ಗಳಲ್ಲಿ ಬರೆಯುವುದು. ಡಾರ್ಟ್‌ನ ಬೈಟ್‌ಡೇಟಾ ಏನೂ ಹೇಳದಿದ್ದರೆ ಬಿಗ್-ಎಂಡಿಯನ್ ಆಗಿಯೇ (ದೊಡ್ಡ ಬೆಲೆಯ ಬೈಟ್ ಮೊದಲು) ಬರೆಯುತ್ತದೆ, ಅದನ್ನೇ ಇಟ್ಟುಕೊಳ್ಳಿ. ಓದುವ ಕಡೆ ಬಂದದ್ದನ್ನೆಲ್ಲ ಬಫರ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಸೇರಿಸುತ್ತ ಹೋಗಿ, 4 ಬೈಟ್ ಆದಾಗ ಉದ್ದ ನೋಡಿ, ಅಷ್ಟು ಬೈಟ್ ಸೇರಿದ ಮೇಲಷ್ಟೇ ಸಂದೇಶವನ್ನು ಬಿಚ್ಚಿ, ಉಳಿದ ಬೈಟ್‌ಗಳನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ಆ್ಯಪ್ ಮಾಡುವವರು ಇಲ್ಲೇ ಮುಗ್ಗರಿಸುತ್ತಾರೆ. ‘ಜೋಳದ ರೊಟ್ಟಿ’ ಎಂಬ ಸ್ಟ್ರಿಂಗ್‌ನ ಉದ್ದ ಕೇಳಿದರೆ ಡಾರ್ಟ್ 11 ಎನ್ನುತ್ತದೆ. ಅದನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಗೆ ಇಳಿಸಿದಾಗ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ಒತ್ತಿನ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತ) 3 ಬೈಟ್: ಹತ್ತು ಸಂಕೇತಕ್ಕೆ 30, ನಡುವಿನ ಖಾಲಿ ಜಾಗಕ್ಕೆ 1, ಒಟ್ಟು 31. ಸ್ಟ್ರಿಂಗ್‌ನ ಉದ್ದವನ್ನೇ ಮುಂದೆ ಬರೆದು ಕಳಿಸಿದರೆ ಆ ಕಡೆಯವರು 11 ಬೈಟ್ ಓದಿ ಸಂದೇಶ ಮುಗಿಯಿತು ಎಂದುಕೊಳ್ಳುತ್ತಾರೆ. ನಾಲ್ಕನೆಯ ಸಂಕೇತವಾದ ‘ದ’ದ ನಡುವೆ ಕತ್ತರಿ ಬಿದ್ದು ಫಾರ್ಮ್ಯಾಟ್ ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ, ಅಲ್ಲಿಂದ ಮುಂದಿನ ಎಲ್ಲ ಸಂದೇಶಗಳೂ ಹಳಿ ತಪ್ಪುತ್ತವೆ. ಇಂಗ್ಲಿಷಿನಲ್ಲಿ ‘ರೋಟಿ’ ಎಂದು ಟೈಪ್ ಮಾಡಿ ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಅಕ್ಷರಕ್ಕೊಂದೇ ಬೈಟ್. ಮೊದಲು ಎನ್‌ಕೋಡ್ ಮಾಡಿ (ಬೈಟ್‌ಗಳಾಗಿಸಿ), ಆಮೇಲೆ ಎಣಿಸಿ. ಬಂದ ತುಂಡನ್ನು ಬಂದ ಹಾಗೆಯೇ ಡಿಕೋಡ್ ಮಾಡಲೂ ಹೋಗಬೇಡಿ.

ಉದ್ದಕ್ಕೊಂದು ಮಿತಿ ಹಾಕುವುದನ್ನೂ ಮರೆಯಬಾರದು. ಯಾರೋ ಕುತೂಹಲಕ್ಕೆ ಬ್ರೌಸರ್‌ನಲ್ಲಿ ನಿಮ್ಮ ಸರ್ವರ್ ಕೇಳುತ್ತಿರುವ ಪೋರ್ಟ್ (ಬಾಗಿಲ ಸಂಖ್ಯೆ) ತೆರೆದರೆ ಎಚ್‌ಟಿಟಿಪಿ ಕೋರಿಕೆಯ ಮೊದಲ ನಾಲ್ಕು ಬೈಟ್, ಅಂದರೆ ‘ಗೆಟ್’ ಮತ್ತು ಅದರ ಮುಂದಿನ ಖಾಲಿ ಜಾಗ, ಉದ್ದದ ಜಾಗದಲ್ಲಿ ಕೂರುತ್ತವೆ. ಸಂಖ್ಯೆಯಾಗಿ ಓದಿದರೆ ಅದು 1,19,57,25,856. ನಿಮ್ಮ ಸರ್ವರ್ ಸುಮ್ಮನೆ 119 ಕೋಟಿ ಬೈಟ್‌ಗೆ ಕಾಯುತ್ತ ಕೂರುತ್ತದೆ. ಆರ್ಡರ್‌ಗಳಿಗೆ 64 ಕೆಬಿ ಧಾರಾಳವಾಯಿತು. ಅದನ್ನು ಮೀರಿದ ಉದ್ದ ಕಂಡರೆ ಆ ಸಂಪರ್ಕವನ್ನು ಕಡಿದುಹಾಕಿ.

ವೇಗದ ಮಾತು. ಚಿಕ್ಕ ತುಂಡುಗಳನ್ನು ತಡೆಹಿಡಿಯದೆ ಕೂಡಲೇ ಕಳಿಸುವ ಟಿಸಿಪಿ-ನೋ-ಡಿಲೇ ಆಯ್ಕೆ ಡಾರ್ಟ್‌ನಲ್ಲಿ ಮೊದಲಿಗೆ ಆಫ್ ಇರುತ್ತದೆ. ಉದ್ದದ 4 ಬೈಟ್ ಒಮ್ಮೆ, ಒಡಲು ಇನ್ನೊಮ್ಮೆ ಎಂದು ಎರಡು ಸಲ ಬರೆದರೆ, ಎರಡನೆಯದು ಆ ಕಡೆಯ ಒಪ್ಪಿಗೆಗಾಗಿ ತಡೆದು ನಿಂತು, ಚಿಕ್ಕ ಸಂದೇಶಕ್ಕೂ ಹತ್ತಾರು ಮಿಲಿಸೆಕೆಂಡ್ ತಗಲುತ್ತದೆ. ಎರಡನ್ನೂ ಸೇರಿಸಿ ಒಂದೇ ಸಲ ಬರೆಯಿರಿ, ಆಯ್ಕೆಯನ್ನೂ ಆನ್ ಮಾಡಿ. ಸಂಪರ್ಕಿಸುವಾಗ ಟೈಮ್ಔಟ್ ಕೊಡಿ. ಕೊಡದಿದ್ದರೆ ಆಫ್ ಆಗಿರುವ ಸಾಧನಕ್ಕಾಗಿ ಆ್ಯಪ್ ಎರಡು ನಿಮಿಷದಷ್ಟು ಹೊತ್ತು ಕಾಯಬಹುದು. ಒಂದೇ ವೈಫೈಯಲ್ಲಿ 3 ಸೆಕೆಂಡ್ ಸಾಕು.

ಕರೆಂಟ್ ಹೋದಾಗ ಈ ಸಾಕೆಟ್‌ಗಳ ನಿಜವಾದ ಪರೀಕ್ಷೆ. ರೂಟರ್ ಆಫ್ ಆದರೆ ಅಥವಾ ಟ್ಯಾಬ್‌ನ ಬ್ಯಾಟರಿ ಸತ್ತರೆ ‘ನಾನು ಹೊರಟೆ’ ಎಂಬ ಸೂಚನೆ ಯಾರಿಗೂ ಹೋಗುವುದಿಲ್ಲ. ಸಪ್ಲಾಯರ್‌ನ ಫೋನಿನಲ್ಲಿ ಸಾಕೆಟ್ ಇನ್ನೂ ತೆರೆದೇ ಇರುತ್ತದೆ, ಬರೆದದ್ದೆಲ್ಲ ಆಪರೇಟಿಂಗ್ ಸಿಸ್ಟಂನ ಬಫರ್‌ಗೆ ಹೋಗಿ ಕೂರುತ್ತದೆ, ಬಾಕಿಯನ್ನು ಕಳಿಸಿ ಮುಗಿಸುವ ಫ್ಲಶ್ ಕರೆ ಕೂಡ ಮುಗಿದಂತೆ ಹೇಳುತ್ತದೆ. ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಕಳಿಸುವ ಕಡೆಗೆ ಸಂಪರ್ಕ ಸತ್ತದ್ದು ಖಾತ್ರಿಯಾಗಲು ಸುಮಾರು 15 ನಿಮಿಷ ಬೇಕು. ಸುಮ್ಮನೆ ಕೇಳುತ್ತ ಕೂತ ಕಡೆಗೆ ಗೊತ್ತಾಗುವುದೇ ಇಲ್ಲ. ಸಂಪರ್ಕ ಜೀವಂತವೇ ಎಂದು ಟಿಸಿಪಿಯೇ ಕೇಳಿನೋಡುವ ಕೀಪ್-ಅಲೈವ್ ಆನ್ ಮಾಡಿದರೂ ಅದರ ಮೂಲ ಅವಧಿ 2 ಗಂಟೆ. ಅಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ. ಹಾಗಾಗಿ ನೀವೇ 5 ಸೆಕೆಂಡಿಗೊಂದು ಪುಟ್ಟ ಪಿಂಗ್ (‘ಇದ್ದೀಯಾ?’ ಎಂಬ ಸಂದೇಶ) ಕಳಿಸಬೇಕು, ಮೂರು ಸಲ ಉತ್ತರ ಬರದಿದ್ದರೆ ಸಂಪರ್ಕ ಸತ್ತಿದೆ ಎಂದು ತೀರ್ಮಾನಿಸಬೇಕು. ಆಗ ಕರೆಯಬೇಕಾದದ್ದು ಡಿಸ್ಟ್ರಾಯ್, ಕ್ಲೋಸ್ ಅಲ್ಲ: ಕ್ಲೋಸ್ ಉಳಿದ ಬೈಟ್‌ಗಳನ್ನು ಕಳಿಸಿ ಮುಗಿಸಲು ನೋಡುತ್ತದೆ, ಸತ್ತ ಸಂಪರ್ಕದಲ್ಲಿ ಅದು ಮುಗಿಯುವ ಮಾತಲ್ಲ. ಮತ್ತೆ ಸಂಪರ್ಕಿಸುವಾಗ 1, 2, 4, 8 ಸೆಕೆಂಡ್ ಎಂದು ಅಂತರ ಹೆಚ್ಚಿಸುತ್ತ 15ಕ್ಕೆ ನಿಲ್ಲಿಸಿ.

ಆರ್ಡರ್ ಕಳೆದುಹೋಗಬಾರದು ಎಂದರೆ ಇನ್ನೂ ಒಂದು ಪದರ ಬೇಕು. ಪ್ರತಿ ಆರ್ಡರ್‌ಗೂ ಫೋನ್‌ನಲ್ಲೇ ಒಂದು ಐಡಿ ಹುಟ್ಟಬೇಕು. ಅಡುಗೆಮನೆಯ ಟ್ಯಾಬ್ ಅದನ್ನು ತನ್ನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಬರೆದಿಟ್ಟ ಮೇಲಷ್ಟೇ ಆ ಐಡಿಯನ್ನು ವಾಪಸ್ ಕಳಿಸಬೇಕು. ಬರದಿದ್ದರೆ ಫೋನ್ ಅದೇ ಐಡಿಯೊಂದಿಗೆ ಮತ್ತೆ ಕಳಿಸುತ್ತದೆ, ಟ್ಯಾಬ್ ಮೊದಲೇ ಕಂಡ ಐಡಿಯನ್ನು ಎರಡನೆಯ ಸಲ ಅಡುಗೆಗೆ ಹಾಕದೆ ಒಪ್ಪಿಗೆಯನ್ನಷ್ಟೇ ಕೊಡುತ್ತದೆ. ಒಂದೇ ಟೇಬಲ್‌ಗೆ ಎರಡು ಪ್ಲೇಟ್ ಎಣಗಾಯಿ ಹೋಗುವ ಗೊಂದಲ ತಪ್ಪುವುದು ಇದರಿಂದಲೇ. ಯಾವ ಲೈಬ್ರರಿ ತಂದರೂ ಈ ಪದರವನ್ನು ನೀವೇ ಬರೆಯಬೇಕು.

ವೆಬ್‌ಸಾಕೆಟ್‌ನ ಅನುಕೂಲ ಈಗ ಕಾಣುತ್ತದೆ. ಐಒ ಲೈಬ್ರರಿಯ ಎಚ್‌ಟಿಟಿಪಿ ಸರ್ವರ್ ತೆರೆದು, ಬಂದ ಕೋರಿಕೆಯನ್ನು ವೆಬ್‌ಸಾಕೆಟ್ ಟ್ರಾನ್ಸ್‌ಫಾರ್ಮರ್‌ನಿಂದ ಅಪ್‌ಗ್ರೇಡ್ ಮಾಡಿದರೆ ಸಂದೇಶದ ಗಡಿ, ಯುಟಿಎಫ್-8 ಎಣಿಕೆ ಎರಡೂ ನಿಮ್ಮ ತಲೆನೋವಲ್ಲ. ಪಿಂಗ್-ಇಂಟರ್ವಲ್ 5 ಸೆಕೆಂಡ್ ಎಂದು ಕೊಟ್ಟರೆ ಪಿಂಗ್ ಅದೇ ಕಳಿಸುತ್ತದೆ, ಉತ್ತರ ಬರದಿದ್ದರೆ 1001 ಸಂಕೇತದೊಂದಿಗೆ ಮುಚ್ಚುತ್ತದೆ. ಮಾಲೀಕರು ಮುಂದೆ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ಬ್ರೌಸರ್‌ನಿಂದ ನೋಡಬೇಕು ಎಂದರೂ ದಾರಿ ತೆರೆದಿರುತ್ತದೆ. ಬರಿಯ ಟಿಸಿಪಿಯಲ್ಲಿ ನೂರಿನ್ನೂರು ಸಾಲು ಬರೆದು ಪಡೆಯುವುದು ಇಲ್ಲಿ ಕೆಲವೇ ಸಾಲುಗಳಲ್ಲಿ ಸಿಗುತ್ತದೆ.

ಯಂತ್ರಗಳ ಜೊತೆ ಮಾತಾಡುವಾಗ ಈ ಆಯ್ಕೆ ಇಲ್ಲ. ಥರ್ಮಲ್ ಪ್ರಿಂಟರ್ ಕೇಳುವುದು 9100 ಪೋರ್ಟ್‌ನಲ್ಲಿ, ಅದಕ್ಕೆ ಅರ್ಥವಾಗುವುದು ಎಸ್ಕ್-ಪಾಸ್ ಎಂಬ ಬಿಲ್ ಪ್ರಿಂಟರ್ ಆಜ್ಞೆಗಳು. ಸಾಮಾನ್ಯ ಪ್ರಿಂಟರ್‌ಗಳ ಅಕ್ಷರ ಕೋಷ್ಟಕದಲ್ಲಿ ಕನ್ನಡವಿಲ್ಲ, ಆದ್ದರಿಂದ ಚೀಟಿಯನ್ನು ಚಿತ್ರವಾಗಿಯೇ ಕಳಿಸಬೇಕು: 29, 118, 48 ಎಂಬ ಬೈಟ್‌ಗಳಿಂದ ಶುರುವಾಗುವ ರಾಸ್ಟರ್ (ಚುಕ್ಕಿಚಿತ್ರದ) ಆಜ್ಞೆ. 80 ಮಿ.ಮೀ. ಕಾಗದದ ಪ್ರಿಂಟರ್‌ನಲ್ಲಿ ಸಾಲಿಗೆ 576 ಚುಕ್ಕಿ, ಅಂದರೆ 72 ಬೈಟ್, 58 ಮಿ.ಮೀ. ಆದರೆ 384 ಚುಕ್ಕಿ, 48 ಬೈಟ್. ಮಿಲಿಮೀಟರಿಗೆ 8 ಚುಕ್ಕಿಯಂತೆ ಏಳೂವರೆ ಸೆಂ.ಮೀ. ಉದ್ದದ ಚೀಟಿಗೆ 600 ಸಾಲು, ಒಟ್ಟು 43,200 ಬೈಟ್. ಇಷ್ಟನ್ನೂ ಒಂದೇ ಚಿತ್ರವಾಗಿ ತಳ್ಳಿದರೆ ಅಗ್ಗದ ಪ್ರಿಂಟರ್‌ಗಳ ಬಫರ್ ತುಂಬಿ ಕಸ ಅಕ್ಷರಗಳು ಬರುತ್ತವೆ. 200 ಸಾಲಿನಂತೆ ಪಟ್ಟಿ ಪಟ್ಟಿಯಾಗಿ ಕಳಿಸಿ.

ಅರ್ಧ ಬಿಲ್ ಬಂದು ನಿಲ್ಲುವ ದೂರು ಇದ್ದರೆ ಮೊದಲು ನೋಡಬೇಕಾದದ್ದು ಸಾಕೆಟ್ ಮುಚ್ಚುವ ಜಾಗ. ಇಲ್ಲಿ ಮೇಲಿನದಕ್ಕೆ ತಿರುಗಾಮುರುಗಾ: ಫ್ಲಶ್ ಮುಗಿಯುವವರೆಗೆ ಕಾದು ಕ್ಲೋಸ್ ಮಾಡಬೇಕು, ಡಿಸ್ಟ್ರಾಯ್ ಕರೆದರೆ ಬಾಲ ಕತ್ತರಿಸಿಹೋಗುತ್ತದೆ, ಕೊನೆಯಲ್ಲಿರುವ ಕಾಗದ ಕತ್ತರಿಸುವ ಆಜ್ಞೆಯೂ ಜೊತೆಗೆ ಹೋಗುತ್ತದೆ. ಅನೇಕ ಪ್ರಿಂಟರ್‌ಗಳು ಒಂದು ಹೊತ್ತಿಗೆ ಒಂದೇ ಸಂಪರ್ಕವನ್ನು ಒಪ್ಪುತ್ತವೆ. ನಾಲ್ಕು ಫೋನುಗಳು ನೇರವಾಗಿ ಪ್ರಿಂಟರ್‌ಗೆ ಹೋಗುವುದಕ್ಕಿಂತ ಎಲ್ಲವೂ ಟ್ಯಾಬ್‌ಗೆ ಬಂದು, ಟ್ಯಾಬ್ ಒಬ್ಬರಾದ ಮೇಲೊಬ್ಬರಂತೆ ಸರದಿಯಲ್ಲಿ ಮುದ್ರಿಸುವುದು ಲೇಸು. ಕಾಗದ ಮುಗಿದಿದೆಯೇ ಎಂದು ಕೇಳಲು 16, 4, 4 ಎಂಬ ಮೂರು ಬೈಟ್ ಕಳಿಸಿ. ಬಂದ ಒಂದು ಬೈಟ್ ಉತ್ತರದಲ್ಲಿ 96ರ ಬಿಟ್‌ಗಳು ಹತ್ತಿದ್ದರೆ ಕಾಗದ ಖಾಲಿ, 12ರ ಬಿಟ್‌ಗಳು ಹತ್ತಿದ್ದರೆ ಮುಗಿಯಲು ಬಂದಿದೆ. ಚೀಟಿ ಕಳಿಸುವ ಮೊದಲು ಇದನ್ನು ಕೇಳುವ ಆ್ಯಪ್ ಅಡುಗೆಭಟ್ಟರಿಗೆ ಬೇಗ ನಂಬಿಕೆ ಹುಟ್ಟಿಸುತ್ತದೆ. ಪ್ರಿಂಟರ್‌ನ ಐಪಿ ವಿಳಾಸ ರೂಟರ್ ಮರುಚಾಲೂ ಆದಾಗ ಬದಲಾಗದಂತೆ ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪಟ್ಟಿಯಲ್ಲಿ ಅದರ ಮ್ಯಾಕ್ ವಿಳಾಸಕ್ಕೆ, ಅಂದರೆ ಯಂತ್ರದ ಹುಟ್ಟುಗುರುತಿಗೆ, ಕಾಯ್ದಿರಿಸಿ.

ಕಾಟಾ ಇದಕ್ಕಿಂತ ಸುಲಭ. ತೂಕ ತೋರಿಸುವ ಇಂಡಿಕೇಟರ್‌ನ ಆರ್‌ಎಸ್-232 ಸೀರಿಯಲ್ ಕಿಂಡಿಗೆ ವೈಫೈ ಕನ್ವರ್ಟರ್ ಹಾಕಿ ಅದನ್ನು ಟಿಸಿಪಿ ಸರ್ವರ್ ಮೋಡ್‌ನಲ್ಲಿಟ್ಟರೆ ತೂಕ ಸಾಲು ಸಾಲಾಗಿ ಬರುತ್ತದೆ. ಸಾಕೆಟ್‌ನ ಹರಿವನ್ನು ಬೈಟ್‌ಗಳನ್ನು ಅಕ್ಷರವಾಗಿಸುವ ಆಸ್ಕಿ ಡಿಕೋಡರ್, ಸಾಲು ಬಿಡಿಸುವ ಲೈನ್ ಸ್ಪ್ಲಿಟರ್ ಮೂಲಕ ಹಾಯಿಸಿ. ನೀವು ಸಂಪರ್ಕಿಸಿದ್ದು ಸಾಲಿನ ನಡುವೆ ಇರಬಹುದಾದ್ದರಿಂದ ಮೊದಲ ಸಾಲನ್ನು ಬಿಟ್ಟುಬಿಡಿ. ಹಲವು ಇಂಡಿಕೇಟರ್‌ಗಳು ತೂಕ ನಿಂತಿದೆಯೋ ಅಲ್ಲಾಡುತ್ತಿದೆಯೋ ಎಂಬ ಗುರುತನ್ನು ಸಾಲಿನ ಮೊದಲಲ್ಲೇ ಕೊಡುತ್ತವೆ. ನಿಂತ ತೂಕವನ್ನಷ್ಟೇ ಪಟ್ಟಿಗೆ ಬಿಡಿ. ಎಡವಟ್ಟು ಆಗುವುದು ಇನ್ನೊಂದು ಕಡೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಬೈಟ್ ಬರುತ್ತದೆ, 18 ಬೈಟ್‌ನ ಸಾಲಾದರೆ ಸೆಕೆಂಡಿಗೆ ಐವತ್ತರ ಮೇಲೆ. ಪರದೆ ಬದಲಾದಾಗ ಹರಿವನ್ನು ತಡೆದು ನಿಲ್ಲಿಸಿ (ಪಾಸ್), ವಾಪಸ್ ಬಂದಾಗ ಮತ್ತೆ ಹರಿಸಿದರೆ (ರೆಸ್ಯೂಮ್) ನಡುವೆ ಬಂದ ಸಾಲುಗಳು ಬಫರ್‌ನಲ್ಲಿ ಕಾದಿರುತ್ತವೆ. ಹಮಾಲರು ಆ ಚೀಲ ಇಳಿಸಿ ಬೇರೆ ಚೀಲ ಏರಿಸಿದ್ದರೂ ಪರದೆಯ ಮೇಲೆ ಹಳೆಯ ಚೀಲದ ತೂಕವೇ ಕಾಣುತ್ತದೆ. ಇದು ರೈತನ ಲೆಕ್ಕಕ್ಕೆ ನೇರ ಕೈ ಹಾಕುವ ತಪ್ಪು. ಹರಿವನ್ನು ಎಂದೂ ತಡೆದು ನಿಲ್ಲಿಸಬೇಡಿ. ಓದುತ್ತಲೇ ಇರಿ, ಕೊನೆಯ ಸಾಲನ್ನು ಮಾತ್ರ ಇಟ್ಟುಕೊಳ್ಳಿ, ಅದು ಒಂದು ಸೆಕೆಂಡಿಗಿಂತ ಹಳೆಯದಾದರೆ ತೂಕದ ಜಾಗವನ್ನು ಖಾಲಿ ಮಾಡಿ.

ಕೋಡ್ ಸರಿಯಿದ್ದೂ ಓಡದಿರುವ ಕಾರಣಗಳು ಬಹುಪಾಲು ಫೋನಿನಲ್ಲೇ ಇರುತ್ತವೆ. ಆಂಡ್ರಾಯ್ಡ್‌ನಲ್ಲಿ ಮೊದಲನೆಯದು ಇಂಟರ್ನೆಟ್ ಪರ್ಮಿಷನ್. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿಕೊಡುವಾಗ ಇದನ್ನು ಪರೀಕ್ಷೆಗೆಂದಿರುವ ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಷ್ಟೇ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಕಡತಗಳು) ಬರೆದಿರುತ್ತದೆ, ಮುಖ್ಯ ಮ್ಯಾನಿಫೆಸ್ಟ್‌ನಲ್ಲಿ ಇರುವುದಿಲ್ಲ. ಕೇಬಲ್ ಹಾಕಿ ಓಡಿಸಿದಾಗ ಎಲ್ಲ ಸರಿ, ಗಿರಾಕಿಗೆ ಕೊಟ್ಟ ರಿಲೀಸ್ ಎಪಿಕೆಯಲ್ಲಿ ಒಂದು ಸಾಕೆಟ್ಟೂ ತೆರೆಯುವುದಿಲ್ಲ.

ಎರಡನೆಯದು ಇನ್ನೂ ಹೆಚ್ಚು ಕಾಡುವಂಥದ್ದು. ಅಡುಗೆಮನೆಯ ರೂಟರ್‌ಗೆ ಇಂಟರ್ನೆಟ್ ಇಲ್ಲದಿದ್ದರೆ ಆಂಡ್ರಾಯ್ಡ್ ಆ ವೈಫೈಯನ್ನು ಹಿಂದೆ ಸರಿಸಿ ಮೊಬೈಲ್ ಡೇಟಾವನ್ನು ಮುಖ್ಯ ದಾರಿ ಮಾಡಿಕೊಳ್ಳುತ್ತದೆ. ಫೋನಿನಲ್ಲಿ ವೈಫೈ ಚಿಹ್ನೆ ಇರುತ್ತದೆ, ಪಕ್ಕದ ಟ್ಯಾಬ್‌ಗೆ ಕಳಿಸಿದ್ದು ಮಾತ್ರ ಸಿಮ್‌ನ ದಾರಿ ಹಿಡಿದು ಕಳೆದುಹೋಗುತ್ತದೆ. ಡೇಟಾ ಆಫ್ ಮಾಡಿದರೆ ಸರಿಹೋಗುತ್ತದೆ ಎಂದು ಸಪ್ಲಾಯರ್‌ಗಳು ತಾವೇ ಕಂಡುಕೊಂಡಿರುತ್ತಾರೆ. ಸರಿಯಾದ ಪರಿಹಾರ, ಆಂಡ್ರಾಯ್ಡ್‌ನ ಕನೆಕ್ಟಿವಿಟಿ ಮ್ಯಾನೇಜರ್‌ನಿಂದ ವೈಫೈ ಜಾಲವನ್ನು ಕೇಳಿ ಪಡೆದು ಇಡೀ ಆ್ಯಪನ್ನು ಅದಕ್ಕೆ ಕಟ್ಟುವುದು. ಈ ಸೌಲಭ್ಯ ಆಂಡ್ರಾಯ್ಡ್ 6ರಿಂದ ಇದೆ, ಡಾರ್ಟ್‌ನಲ್ಲಿ ಇಲ್ಲ. ಡಾರ್ಟ್‌ನಿಂದ ಫೋನಿನ ಸ್ವಂತ ಕೋಡ್‌ಗೆ ದಾರಿಯಾದ ಪ್ಲಾಟ್‌ಫಾರ್ಮ್ ಚಾನೆಲ್ ಮೂಲಕ, ಆಂಡ್ರಾಯ್ಡ್‌ನ ಕೋಟ್ಲಿನ್ ಭಾಷೆಯಲ್ಲಿ ಬರೆಯಬೇಕು. ಹಾಗೆ ಕಟ್ಟಿದ ಮೇಲೆ ಕ್ಲೌಡ್ ಬ್ಯಾಕಪ್‌ನಂಥ ಇಂಟರ್ನೆಟ್ ಕೆಲಸಗಳೂ ಅದೇ ವೈಫೈಗೆ ಹೋಗಿ ನಿಂತುಬಿಡುತ್ತವೆ, ಅವುಗಳ ಹೊತ್ತಿಗೆ ಕಟ್ಟು ಬಿಚ್ಚಬೇಕು. ಈ ಲೈಬ್ರರಿಯ ಮೇಲೆ ನಮ್ಮ ದೊಡ್ಡ ಆಕ್ಷೇಪ ಇದೇ. ಅಂಗಡಿಯೊಳಗಿನ ಜಾಲಕ್ಕೆ ಬಳಸುವವರಿಗೆ ಇದು ಮೂಲಭೂತವಾಗಿ ಬೇಕಾದದ್ದು.

ಐಫೋನ್‌ನಲ್ಲಿ ಐಒಎಸ್ 14ರಿಂದ ಲೋಕಲ್ ನೆಟ್‌ವರ್ಕ್ ಅನುಮತಿ ಬೇಕು. ಆ್ಯಪ್‌ನ ಇನ್ಫೋ ಪಿಲಿಸ್ಟ್ ಕಡತದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು, ಬಳಸುವವರು ಬೇಡ ಎಂದರೆ ಸಾಕೆಟ್‌ಗೆ 65ನೇ ದೋಷ ಬರುತ್ತದೆ, ಅಂದರೆ ದಾರಿಯಿಲ್ಲ. ಅನುಮತಿಯ ಪ್ರಶ್ನೆ ಪರದೆಯ ಮೇಲಿರುವಾಗಲೇ ಮೊದಲ ಪ್ರಯತ್ನ ಸೋಲುವುದುಂಟು, ಆದ್ದರಿಂದ ಮರುಪ್ರಯತ್ನ ಇರಲೇಬೇಕು. ಸಿಮ್ಯುಲೇಟರ್‌ನಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ, ನಿಜವಾದ ಫೋನಿನಲ್ಲೇ ನೋಡಿ. ದೋಷ ಸಂಖ್ಯೆಗಳೂ ಬೇರೆ ಬೇರೆ: ಸಂಪರ್ಕ ನಿರಾಕರಣೆಗೆ ಆಂಡ್ರಾಯ್ಡ್‌ನಲ್ಲಿ 111, ಐಒಎಸ್‌ನಲ್ಲಿ 61, ವಿಂಡೋಸ್‌ನಲ್ಲಿ 1225. ಒಂದೇ ಸಂಖ್ಯೆ ನೋಡಿ ಸಂದೇಶ ತೋರಿಸುವ ಕೋಡ್ ಉಳಿದ ಕಡೆ ಸುಳ್ಳು ಹೇಳುತ್ತದೆ. ಹಿನ್ನೆಲೆಗೆ ಹೋದ ಆ್ಯಪನ್ನು ಐಒಎಸ್ ಬೇಗನೆ ಮಲಗಿಸುತ್ತದೆ, ಸಾಕೆಟ್‌ಗಳನ್ನೂ ಕಿತ್ತುಕೊಳ್ಳುತ್ತದೆ. ಅಡುಗೆಮನೆಯ ಸರ್ವರ್ ಆಗಿ ಆಂಡ್ರಾಯ್ಡ್ ಟ್ಯಾಬನ್ನೇ ಇಡಿ, ಚಾರ್ಜರ್‌ನಲ್ಲಿರಲಿ, ಪರದೆ ಆರದಂತೆ ಇರಲಿ.

ಟ್ಯಾಬ್ ಎಲ್ಲಿದೆ ಎಂದು ಫೋನ್ ತಾನೇ ಹುಡುಕಲು ಯುಡಿಪಿ ಬ್ರಾಡ್‌ಕಾಸ್ಟ್ (ಜಾಲದ ಎಲ್ಲರಿಗೂ ಒಮ್ಮೆಗೇ ಕೂಗಿ ಹೇಳುವುದು) ಮೊದಲು ಹೊಳೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಬ್ರಾಡ್‌ಕಾಸ್ಟ್ ಎನೇಬಲ್ಡ್ ಆಯ್ಕೆ ಆನ್ ಮಾಡಿದರೆ ನಡೆಯುತ್ತದೆ. ಕಳಿಸುವ ಕರೆ 0 ವಾಪಸ್ ಕೊಟ್ಟರೆ ಪ್ಯಾಕೆಟ್ ಹೋಗಿಲ್ಲ ಎಂದರ್ಥ, ಮತ್ತೆ ಕಳಿಸಿ. ಐಒಎಸ್‌ನಲ್ಲಿ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ (ಒಂದು ಗುಂಪಿಗಷ್ಟೇ ಕಳಿಸುವುದು) ಎರಡಕ್ಕೂ ಆ್ಯಪಲ್‌ಗೆ ಅರ್ಜಿ ಹಾಕಿ ವಿಶೇಷ ಹಕ್ಕು ಪಡೆಯಬೇಕು. ಅದರ ಬದಲು ಫೋನಿನ ಸ್ವಂತ ಹುಡುಕುವ ಸೇವೆಯನ್ನು ಬಳಸುವ ಬಾನ್‌ಸ್ವಾರ್ ಅಥವಾ ಎನ್‌ಎಸ್‌ಡಿ ಪ್ಯಾಕೇಜ್ ಹಾಕಿಕೊಂಡರೆ ಆ ಅರ್ಜಿ ಬೇಡ, ಸೇವೆಯ ಹೆಸರನ್ನು ಪಿಲಿಸ್ಟ್‌ನಲ್ಲಿ ಬರೆದರೆ ಸಾಕು. ಮತ್ತೆ, ಟ್ಯಾಬ್ ಕ್ಯೂಆರ್ ಕೋಡ್ ತೋರಿಸಿ ಫೋನ್ ಅದನ್ನು ಸ್ಕ್ಯಾನ್ ಮಾಡುವುದು ಎಲ್ಲಕ್ಕಿಂತ ನಿಶ್ಚಿಂತೆ. ರೂಟರ್‌ನ ಗೆಸ್ಟ್ ವೈಫೈಯಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆ ಇರುತ್ತದೆ. ಅಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ.

ಬದಲಿಗಳ ಪೈಕಿ ಝೀರೋಎಂಕ್ಯೂ ಎಂಬ ಸಂದೇಶ ಲೈಬ್ರರಿಯ ಹೆಸರು ಹೆಚ್ಚು ಕೇಳಿಬರುತ್ತದೆ. ಸಂದೇಶದ ಗಡಿ, ಮರುಸಂಪರ್ಕ ಎರಡನ್ನೂ ಅದು ನೋಡಿಕೊಳ್ಳುತ್ತದೆ. ಆದರೆ ಸಿ++ನಲ್ಲಿರುವ ಅದನ್ನು ಪ್ರತಿ ಪ್ರೊಸೆಸರ್ ಬಗೆಗೂ ಕಟ್ಟಿ ಆ್ಯಪ್‌ನಲ್ಲಿ ಸೇರಿಸಬೇಕು. ಆಂಡ್ರಾಯ್ಡ್ 15 ಮತ್ತು ಮುಂದಿನ ಆವೃತ್ತಿಗಳನ್ನು ಗುರಿಯಾಗಿಸಿದ ಆ್ಯಪ್‌ಗಳ ನೇಟಿವ್ ಲೈಬ್ರರಿಗಳು (ಹೀಗೆ ಪ್ರೊಸೆಸರ್‌ಗೆಂದೇ ಕಟ್ಟಿದವು) 16 ಕೆಬಿ ಮೆಮೊರಿ ಪುಟದ ಗಾತ್ರಕ್ಕೆ ಹೊಂದಬೇಕು ಎಂದು ಪ್ಲೇ ಸ್ಟೋರ್ 2025ರ ನವೆಂಬರ್‌ನಿಂದ ಕಡ್ಡಾಯ ಮಾಡಿದೆ, ಆ ಹೊರೆಯೂ ನಿಮ್ಮ ಮೇಲೆ. ಅದರ ಕೋರಿಕೆ-ಉತ್ತರ ಜೋಡಿಯಲ್ಲಿ ಒಂದು ಉತ್ತರ ಕಳೆದರೆ ಕೇಳಿದ ಕಡೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರಿಂಟರ್ ಮತ್ತು ಕಾಟಾಕ್ಕಂತೂ ಅದರ ಭಾಷೆ ಬರುವುದಿಲ್ಲ. ಹುಬ್ಬಳ್ಳಿಯ ಅಂಗಡಿ, ಗದಗದ ಗೋದಾಮು ಹೀಗೆ ಊರಿಂದೂರಿಗೆ ಸಂದೇಶ ಹೋಗಬೇಕಾದರೆ ನಡುವಿನ ಸರ್ವರ್ ಮೂಲಕ ಸಂದೇಶ ಹಂಚುವ ಎಂಕ್ಯೂಟಿಟಿ ಸರಿ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಬಹಳ ಫೋನುಗಳನ್ನು ಕೂರಿಸುವುದರಿಂದ ಫೋನಿಂದ ಫೋನಿಗೆ ನೇರ ಸಾಕೆಟ್ ತೆರೆಯಲು ಆಗುವುದಿಲ್ಲ, ನಡುವೆ ಬ್ರೋಕರ್ (ಆ ಹಂಚುವ ಸರ್ವರ್) ಬೇಕೇ ಬೇಕು.

ಭದ್ರತೆಯ ಬಗ್ಗೆ ಒಂದೇ ಎಚ್ಚರಿಕೆ. ಗೂಢಲಿಪಿ ಇಲ್ಲದ ಎಚ್‌ಟಿಟಿಪಿಗೆ ಆಂಡ್ರಾಯ್ಡ್, ಐಒಎಸ್ ಹಾಕುವ ತಡೆ ಡಾರ್ಟ್‌ನ ಸಾಕೆಟ್‌ಗಳಿಗೆ ತಗಲುವುದಿಲ್ಲ, ಯಾರೂ ನಿಮ್ಮನ್ನು ತಡೆಯುವುದಿಲ್ಲ. ಊಟಕ್ಕೆ ಬಂದವರಿಗೆ ಕೊಡುವ ವೈಫೈಯನ್ನೂ ಆರ್ಡರ್ ವೈಫೈಯನ್ನೂ ಬೇರೆ ಇಡಿ. ಗೂಢಲಿಪಿಯ ಸೆಕ್ಯೂರ್ ಸಾಕೆಟ್ ಬಳಸುವುದಾದರೆ ನಿಮ್ಮ ಸರ್ಟಿಫಿಕೇಟನ್ನು (ಸರ್ವರ್‌ನ ಗುರುತಿನ ಪತ್ರವನ್ನು) ಆ್ಯಪ್‌ನಲ್ಲೇ ಸೇರಿಸಿ. ಕೆಟ್ಟ ಸರ್ಟಿಫಿಕೇಟ್ ಬಂದರೂ ಹೂಂ ಎನ್ನುವಂತೆ ಬರೆದರೆ ಗೂಢಲಿಪಿ ಇದ್ದೂ ಪ್ರಯೋಜನವಿಲ್ಲ.

ಗಿರಾಕಿಗೆ ಕೊಡುವ ಮೊದಲು ರಿಲೀಸ್ ಎಪಿಕೆಯಲ್ಲೇ ಇಷ್ಟು ಮಾಡಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ನೆಟ್‌ಕ್ಯಾಟ್ ಎಂಬ ಸಲಕರಣೆಯನ್ನು (ಬಂದ ಬೈಟ್‌ಗಳನ್ನು ಹಿಡಿದು ತೋರಿಸುವಂಥದ್ದು) 9100 ಪೋರ್ಟ್‌ನಲ್ಲಿ ಕೂರಿಸಿ ಪ್ರಿಂಟರ್‌ಗೆ ಹೋಗುವ ಬೈಟ್‌ಗಳನ್ನು ಎಣಿಸಿ. ಕನ್ನಡದಲ್ಲೇ ನಲವತ್ತು ಐಟಂನ ಒಂದು ಆರ್ಡರ್ ಹಾಕಿ. ಆರ್ಡರ್ ಕಳಿಸುತ್ತಿರುವಾಗಲೇ ರೂಟರ್‌ನ ಪ್ಲಗ್ ಕಿತ್ತು, ಎರಡು ನಿಮಿಷ ಬಿಟ್ಟು ಹಾಕಿ, ಆರ್ಡರ್ ಒಂದೇ ಸಲ ಅಡುಗೆಮನೆಗೆ ಬಂತೇ ನೋಡಿ. ರೂಟರ್‌ನ ಇಂಟರ್ನೆಟ್ ತಂತಿ ಮಾತ್ರ ಕಿತ್ತು, ಫೋನಿನಲ್ಲಿ ಮೊಬೈಲ್ ಡೇಟಾ ಆನ್ ಇಟ್ಟು ಅದನ್ನೇ ಮತ್ತೊಮ್ಮೆ ಮಾಡಿ.